ಬಿಸಿಲಿಗೊಂದು, ಚಳಿಗೊಂದು: ಇನ್ವರ್ಟರ್ ಬ್ಯಾಟರಿಯ ಚಾರ್ಜಿಂಗ್ ವೋಲ್ಟೇಜ್ ಹೊಂದಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಒಂದೇ ಬಗೆಯ ಪ್ರಶ್ನೆಗಳು ಶುರುವಾಗುತ್ತವೆ. ಬ್ಯಾಟರಿ ಮುಟ್ಟಿದರೆ ಕೈ ಸುಡುತ್ತೆ, ಪರವಾಗಿಲ್ವಾ? ಬ್ಯಾಟರಿ ನೀರು ಹಾಕಿ ತಿಂಗಳಾಗಿಲ್ಲ, ಆಗಲೇ ಕೆಂಪು ಗೆರೆಗೆ ಇಳಿದಿದೆ, ಯಾಕೆ? ಚಾರ್ಜಿಂಗ್ ವೋಲ್ಟೇಜ್ 14.4 ಇದೆ, ಸರಿ ಇದೆಯಾ? ಇವೆಲ್ಲಕ್ಕೂ ಉತ್ತರದ ಬೇರು ಒಂದೇ. ಇನ್ವರ್ಟರಿಗೆ ಹಾಕುವ ಲೆಡ್ ಆಸಿಡ್ ಬ್ಯಾಟರಿಗೆ, ಅಂದರೆ ಸೀಸದ ಪ್ಲೇಟು ಮತ್ತು ಆಸಿಡ್ ಇರುವ ಬ್ಯಾಟರಿಗೆ, ವರ್ಷವಿಡೀ ಒಂದೇ ಚಾರ್ಜಿಂಗ್ ವೋಲ್ಟೇಜ್ ಹೊಂದುವುದಿಲ್ಲ. ಬ್ಯಾಟರಿ ಬಿಸಿಯಾದಷ್ಟೂ ವೋಲ್ಟೇಜ್ ಇಳಿಸಬೇಕು, ತಣ್ಣಗಾದಷ್ಟೂ ಏರಿಸಬೇಕು.

ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ಸಾಮಾನ್ಯ. ಮಡಿಕೇರಿಯಲ್ಲಿ ಡಿಸೆಂಬರ್ ಬೆಳಗ್ಗೆ ಕೈಕಾಲು ಮರಗಟ್ಟುವ ಚಳಿ. ಈ ಎರಡೂ ಊರಿನ ಮನೆಗಳಲ್ಲಿ ಒಂದೇ ಇನ್ವರ್ಟರ್, ಒಂದೇ ಸೆಟ್ಟಿಂಗ್ ಇದ್ದರೆ ಒಂದು ಕಡೆಯ ಬ್ಯಾಟರಿ ಕುದಿಯುತ್ತದೆ, ಇನ್ನೊಂದು ಕಡೆಯದು ಅರೆಹೊಟ್ಟೆಯಲ್ಲಿ ಇರುತ್ತದೆ. ಎರಡೂ ಬೇಗ ಸಾಯುತ್ತವೆ. ಆಗ ನಾವು ಬ್ಯಾಟರಿ ಕಂಪನಿಯನ್ನು ಬೈಯುತ್ತೇವೆ. ಸೆಟ್ಟಿಂಗ್ ಕಡೆ ಯಾರೂ ನೋಡುವುದಿಲ್ಲ.

ಬಿಸಿಯಾದರೆ ಒಳಗೆ ಆಗುವುದೇನು?

12 ವೋಲ್ಟ್ ಬ್ಯಾಟರಿಯಲ್ಲಿ 6 ಸೆಲ್‌ಗಳಿರುತ್ತವೆ. ಸೆಲ್ ಅಂದರೆ ಪ್ಲೇಟು ಮತ್ತು ಆಸಿಡ್ ನೀರು ಇರುವ ಒಂದೊಂದು ಕೋಣೆ. ಒಂದೊಂದಕ್ಕೂ ಸುಮಾರು 2 ವೋಲ್ಟ್. ಚಾರ್ಜ್ ಮಾಡುವಾಗ ಒಳಗೆ ನಡೆಯುವ ರಾಸಾಯನಿಕ ಕ್ರಿಯೆ ಬಿಸಿಯಲ್ಲಿ ವೇಗವಾಗುತ್ತದೆ. ಹಾಗಾಗಿ 25 ಡಿಗ್ರಿಯಲ್ಲಿ ಸರಿಯಾಗಿದ್ದ ವೋಲ್ಟೇಜ್ 42 ಡಿಗ್ರಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟನ್ನು ಒಳಗೆ ತಳ್ಳುತ್ತದೆ. ಬ್ಯಾಟರಿ ತುಂಬಿದ ಮೇಲೂ ಬರುವ ಆ ಕರೆಂಟು ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ನೀರು ಬೇಗ ಖಾಲಿಯಾಗುವುದು ಇದರಿಂದಲೇ. ಬಿಸಿಲಿಗೆ ಆವಿಯಾಗುವುದು ತೀರಾ ಕಡಿಮೆ.

ಈ ಕರೆಂಟಿನಿಂದ ಬ್ಯಾಟರಿ ಇನ್ನೂ ಬಿಸಿಯಾಗುತ್ತದೆ. ಬಿಸಿಯಾದ ಬ್ಯಾಟರಿ ಇನ್ನೂ ಜಾಸ್ತಿ ಕರೆಂಟು ಎಳೆಯುತ್ತದೆ. ಈ ಸುತ್ತು ನಿಲ್ಲದೇ ಹೋದರೆ ಅದಕ್ಕೆ ಥರ್ಮಲ್ ರನ್‌ಅವೇ ಅನ್ನುತ್ತಾರೆ, ಅಂದರೆ ಹಿಡಿತ ತಪ್ಪಿ ಏರುವ ಬಿಸಿ. ಬ್ಯಾಟರಿಯ ಡಬ್ಬಿ ಉಬ್ಬುವುದು, ಕರಗುವುದು ಈ ಹಂತದಲ್ಲೇ.

ತಕ್ಷಣದ ಅಪಾಯ ಇಲ್ಲದಿದ್ದರೂ ಆಯಸ್ಸಿನ ಲೆಕ್ಕ ಇದೆ. ಬ್ಯಾಟರಿ ಸದಾ 10 ಡಿಗ್ರಿ ಜಾಸ್ತಿ ಬಿಸಿಯಲ್ಲಿ ಕೆಲಸ ಮಾಡಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಅನ್ನುವುದು ಈ ಕೆಲಸದವರೆಲ್ಲ ಒಪ್ಪುವ ಅಂದಾಜು.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಒಂದು ಥರ್ಮಾಮೀಟರ್, ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ ಆದರೂ ಸರಿ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಡಿಜಿಟಲ್ ಮೀಟರ್ ಆದರೂ ಸರಿ. ನೀರು ಹಾಕುವ ಬ್ಯಾಟರಿಯಾದರೆ ಹೈಡ್ರೋಮೀಟರ್, ಅಂದರೆ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ತೋರಿಸುವ ಗಾಜಿನ ಪಿಚಕಾರಿ. ಬ್ಯಾಟರಿ ಅಂಗಡಿಯಲ್ಲೇ ಸಿಗುತ್ತದೆ. ಡಿಸ್ಟಿಲ್ಡ್ ವಾಟರ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಕನ್ನಡಕ ಬೇಡ ಅನ್ನಬೇಡಿ. ಆಸಿಡ್ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಕೈಯಲ್ಲಿರುವ ಉಂಗುರ, ಬಳೆ, ವಾಚು ತೆಗೆದಿಟ್ಟು ಕೆಲಸಕ್ಕೆ ಇಳಿಯಿರಿ.

ಹಂತ 1: ಯಾವ ಬ್ಯಾಟರಿ ಎಂದು ನೋಡಿ

ಮೇಲೆ ಬಿಚ್ಚುವ ಮುಚ್ಚಳಗಳೋ, ನೀರಿನ ಮಟ್ಟ ತೋರಿಸುವ ಕಡ್ಡಿಗಳೋ ಇದ್ದರೆ ಅದು ನೀರು ಹಾಕುವ ಬ್ಯಾಟರಿ. ಮನೆಗಳಲ್ಲಿ ಎತ್ತರಕ್ಕೆ ಇರುವ ಟ್ಯೂಬುಲರ್ ಬ್ಯಾಟರಿ ಈ ಜಾತಿಯದು. ಮುಚ್ಚಳವೇ ಇಲ್ಲದೆ ಪೂರ್ತಿ ಮುಚ್ಚಿದ್ದರೆ ಅದು ಎಸ್‌ಎಂಎಫ್, ಅಂದರೆ ನೀರು ಹಾಕುವ ಗೋಜಿಲ್ಲದ ಸೀಲ್ ಬ್ಯಾಟರಿ.

ಬಿಸಿಯ ವಿಷಯದಲ್ಲಿ ಸೀಲ್ ಬ್ಯಾಟರಿ ಜಾಸ್ತಿ ನಾಜೂಕು. ಅದರೊಳಗೆ ಹುಟ್ಟಿದ ಆಕ್ಸಿಜನ್ ಹೊರಗೆ ಹೋಗದೆ ಮತ್ತೆ ನೀರಾಗುತ್ತದೆ, ಆ ಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ. ಆ ಬಿಸಿಯನ್ನು ಹೀರಿಕೊಳ್ಳಲು ಒಳಗೆ ಹೆಚ್ಚು ನೀರೂ ಇರುವುದಿಲ್ಲ. ಕಳೆದುಹೋದ ನೀರನ್ನು ಮತ್ತೆ ತುಂಬಲೂ ಆಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ವೋಲ್ಟೇಜ್ ಇಳಿಸುವ ಕೆಲಸ ಸೀಲ್ ಬ್ಯಾಟರಿ ಇರುವವರಿಗೆ ಇನ್ನೂ ಮುಖ್ಯ.

ಹಂತ 2: ಬ್ಯಾಟರಿ ಇಟ್ಟ ಜಾಗ

ವೋಲ್ಟೇಜ್ ಮುಟ್ಟುವ ಮೊದಲು ಜಾಗ ನೋಡಿ. ಅರ್ಧ ಸಮಸ್ಯೆ ಇಲ್ಲೇ ಮುಗಿಯಬಹುದು. ತಾರಸಿಯ ಮೇಲಿನ ತಗಡಿನ ಶೆಡ್ಡು, ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಮೂಲೆ, ಫ್ರಿಜ್ ಹಿಂದುಗಡೆ, ಇವೆಲ್ಲ ಬೇಡ. ಮೆಟ್ಟಿಲ ಕೆಳಗೆ ಬಾಗಿಲು ಹಾಕಿ ಮುಚ್ಚಿಡುವುದು ನಮ್ಮಲ್ಲಿ ಬಹಳ. ಅಲ್ಲಿ ಬಿಸಿಯೂ ನಿಲ್ಲುತ್ತದೆ, ಗ್ಯಾಸೂ ನಿಲ್ಲುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4 ದಾಟಿದರೆ ಒಂದು ಕಿಡಿ ಸಾಕು. ಈ ಗ್ಯಾಸ್ ಹಗುರ, ಮೇಲಕ್ಕೇರುತ್ತದೆ. ಆದ್ದರಿಂದ ಗಾಳಿಗಿಂಡಿ ಮೇಲ್ಭಾಗದಲ್ಲಿ ಇರಬೇಕು, ಕೆಳಗೂ ಒಂದಿದ್ದರೆ ಗಾಳಿ ಚೆನ್ನಾಗಿ ಹರಿಯುತ್ತದೆ.

ದೇವರ ಮನೆಗೆ ಅಂಟಿಕೊಂಡ ಮೂಲೆಯಲ್ಲಿ ಬ್ಯಾಟರಿ ಇಟ್ಟು ಪಕ್ಕದಲ್ಲೇ ದೀಪ, ಊದುಬತ್ತಿ ಹಚ್ಚುವ ಮನೆಗಳಿವೆ. ದಯವಿಟ್ಟು ಇಂದೇ ಜಾಗ ಬದಲಿಸಿ.

ಎರಡು ಬ್ಯಾಟರಿಗಳಿದ್ದರೆ ಮಧ್ಯೆ ಎರಡು ಬೆರಳಿನಷ್ಟಾದರೂ ಜಾಗ ಬಿಡಿ. ಒತ್ತಿಟ್ಟರೆ ಮಧ್ಯದ ಬದಿಗಳು ಬಿಸಿಯಾಗುತ್ತವೆ. ನಾಲ್ಕು ಬ್ಯಾಟರಿಗಳ ಸಾಲಿನಲ್ಲಿ ನಡುವಿನವು ಮೊದಲು ಕೆಡುವುದಕ್ಕೆ ಇದೂ ಒಂದು ಕಾರಣ.

ಹಂತ 3: ಬ್ಯಾಟರಿಯ ಬಿಸಿ ಅಳೆಯಿರಿ, ಕೋಣೆಯದ್ದಲ್ಲ

ಹೆಚ್ಚಿನವರು ತಪ್ಪುವುದು ಇಲ್ಲಿ. ಮೊಬೈಲಿನಲ್ಲಿ ಊರಿನ ಹವಾಮಾನ ನೋಡಿ ಅದನ್ನೇ ಬ್ಯಾಟರಿಯ ಬಿಸಿ ಅಂದುಕೊಳ್ಳುತ್ತಾರೆ. 150 ಎಎಚ್ (ಆಂಪಿಯರ್ ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಟ್ಯೂಬುಲರ್ ಬ್ಯಾಟರಿ 50 ಕಿಲೋಗಿಂತ ಜಾಸ್ತಿ ತೂಗುವ ಸೀಸ ಮತ್ತು ನೀರು. ಅದು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮಧ್ಯಾಹ್ನ ಕಾದ ಬ್ಯಾಟರಿ ರಾತ್ರಿ ಹತ್ತಕ್ಕೂ ಬಿಸಿಯಾಗಿಯೇ ಇರುತ್ತದೆ, ಹೊರಗೆ ತಂಪುಗಾಳಿ ಬೀಸುತ್ತಿದ್ದರೂ. ಸಂಜೆ ಕರೆಂಟು ಹೋಗಿ ಬಂದ ಮೇಲೆ ಭಾರೀ ಚಾರ್ಜಿಂಗ್ ನಡೆಯುವುದು ಅದೇ ಹೊತ್ತಿಗೆ. ಚಾರ್ಜಿಂಗ್‌ನ ಬಿಸಿ ಇದರ ಮೇಲೆ ಸೇರುತ್ತದೆ.

ಅಳೆಯುವ ಕ್ರಮ ಹೀಗೆ. ಸೆನ್ಸರ್ ತಂತಿಯಾದರೆ ಬ್ಯಾಟರಿಯ ಬದಿಗೆ, ಎತ್ತರದ ಮಧ್ಯಭಾಗದಲ್ಲಿ ಟೇಪಿನಿಂದ ಅಂಟಿಸಿ, ಮೇಲೊಂದು ಚೂರು ಥರ್ಮಾಕೋಲ್ ಇಡಿ. ಆಗ ಗಾಳಿಯ ಬಿಸಿ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಬ್ಯಾಟರಿಗಳಿದ್ದರೆ ಒಂದಕ್ಕೊಂದು ಮುಖ ಮಾಡಿದ ಬದಿ ಒಳ್ಳೆಯದು, ಜಾಸ್ತಿ ಬಿಸಿಯಾಗುವ ಜಾಗ ಅದೇ. ಇನ್‌ಫ್ರಾರೆಡ್ ಗನ್ ಆದರೆ ಪ್ಲಾಸ್ಟಿಕ್ ಡಬ್ಬಿಗೇ ಗುರಿಯಿಡಿ. ಹೊಳೆಯುವ ಟರ್ಮಿನಲ್‌ಗೆ ಹಿಡಿದರೆ ಸುಳ್ಳು ಅಂಕಿ ಬರುತ್ತದೆ.

ಚಾರ್ಜಿಂಗ್ ಮುಗಿಯುತ್ತಾ ಬಂದಾಗ ಒಮ್ಮೆ, ಬೆಳಗ್ಗೆ ಏಳುತ್ತಲೇ ಒಮ್ಮೆ ಅಳೆಯಿರಿ. ನಾಲ್ಕಾರು ದಿನ ಹೀಗೆ ನೋಡಿದರೆ ನಿಮ್ಮ ಬ್ಯಾಟರಿ ಯಾವ ಬಿಸಿಯಲ್ಲಿ ಬದುಕುತ್ತಿದೆ ಎಂದು ಗೊತ್ತಾಗುತ್ತದೆ.

ಹಂತ 4: ವೋಲ್ಟೇಜ್ ಲೆಕ್ಕ

ಎರಡು ವೋಲ್ಟೇಜ್‌ಗಳನ್ನು ಗುರುತಿಟ್ಟುಕೊಳ್ಳಿ. ಚಾರ್ಜ್ ತುಂಬುತ್ತಾ ಬಂದಾಗ ಮುಟ್ಟುವ ಮೇಲಿನ ವೋಲ್ಟೇಜ್ ಒಂದು. ಇದಕ್ಕೆ ಬೂಸ್ಟ್ ಅಥವಾ ಅಬ್ಸಾರ್ಪ್ಶನ್ ಅನ್ನುತ್ತಾರೆ. ತುಂಬಿದ ಮೇಲೆ ತನ್ನಷ್ಟಕ್ಕೆ ಇಳಿಯುವ ಚಾರ್ಜನ್ನು ಸರಿದೂಗಿಸಲು ಸುಮ್ನೆ ಹಿಡಿದಿಡುವ ಕೆಳಗಿನ ವೋಲ್ಟೇಜ್ ಇನ್ನೊಂದು. ಅದು ಫ್ಲೋಟ್. ನೀರು ಹಾಕುವ 12 ವೋಲ್ಟ್ ಬ್ಯಾಟರಿಗೆ 25 ಡಿಗ್ರಿಯಲ್ಲಿ ಬೂಸ್ಟ್ ಸುಮಾರು 14.4, ಫ್ಲೋಟ್ ಸುಮಾರು 13.6. ನಿಮ್ಮ ಬ್ಯಾಟರಿಯ ಮೇಲೆ ಅಥವಾ ಅದರ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಭಾರತದಲ್ಲಿ ಎಷ್ಟೋ ಬ್ಯಾಟರಿಗಳ ಅಂಕಿ 27 ಡಿಗ್ರಿಗೆ ಕೊಟ್ಟಿರುತ್ತಾರೆ, ಅದನ್ನೂ ಗಮನಿಸಿ.

ಈಗ ನಿಯಮ: ಪ್ರತಿ 1 ಡಿಗ್ರಿ ಏರಿದರೆ ಪ್ರತಿ ಸೆಲ್‌ಗೆ 3ರಿಂದ 5 ಮಿಲಿವೋಲ್ಟ್ ಇಳಿಸಬೇಕು. ನಡುವಿನ 4 ಹಿಡಿದರೆ 6 ಸೆಲ್‌ಗೆ 24 ಮಿಲಿವೋಲ್ಟ್, ಅಂದರೆ 0.024 ವೋಲ್ಟ್. ಬ್ಯಾಟರಿ 42 ಡಿಗ್ರಿ ಇದೆ ಅನ್ನೋಣ. 25ಕ್ಕಿಂತ 17 ಜಾಸ್ತಿ. 17 ಗುಣಿಸು 0.024 ಅಂದರೆ ಸುಮಾರು 0.4. ಹಾಗಾದರೆ ಬೂಸ್ಟ್ 14.0, ಫ್ಲೋಟ್ 13.2 ಇರಬೇಕು.

ಲೆಕ್ಕ ಬೇಡ ಅನ್ನುವವರಿಗೆ ಸಿದ್ಧ ಅಂಕಿಗಳು:

15 ಡಿಗ್ರಿ: ಬೂಸ್ಟ್ 14.64, ಫ್ಲೋಟ್ 13.84
20 ಡಿಗ್ರಿ: ಬೂಸ್ಟ್ 14.52, ಫ್ಲೋಟ್ 13.72
25 ಡಿಗ್ರಿ: ಬೂಸ್ಟ್ 14.40, ಫ್ಲೋಟ್ 13.60
30 ಡಿಗ್ರಿ: ಬೂಸ್ಟ್ 14.28, ಫ್ಲೋಟ್ 13.48
35 ಡಿಗ್ರಿ: ಬೂಸ್ಟ್ 14.16, ಫ್ಲೋಟ್ 13.36
40 ಡಿಗ್ರಿ: ಬೂಸ್ಟ್ 14.04, ಫ್ಲೋಟ್ 13.24
45 ಡಿಗ್ರಿ: ಬೂಸ್ಟ್ 13.92, ಫ್ಲೋಟ್ 13.12

ಎರಡು ಬ್ಯಾಟರಿ ಸೇರಿಸಿದ 24 ವೋಲ್ಟ್ ವ್ಯವಸ್ಥೆಗೆ ಇವನ್ನು ಎರಡರಿಂದ ಗುಣಿಸಿ.

0.4 ವೋಲ್ಟ್ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ತುಂಬಿದ ಬ್ಯಾಟರಿಯಲ್ಲಿ ಗ್ಯಾಸ್ ಏಳುವ ಪ್ರಮಾಣ ಈ ಸಣ್ಣ ಅಂತರಕ್ಕೇ ಹಲವು ಪಟ್ಟು ಏರಿಳಿಯುತ್ತದೆ.

ಹಂತ 5: ನಿಮ್ಮ ಇನ್ವರ್ಟರ್ ಈಗ ಎಷ್ಟು ಕೊಡುತ್ತಿದೆ?

ಸೆಟ್ಟಿಂಗ್ ನಂಬಬೇಡಿ, ಅಳೆದು ನೋಡಿ. ಕರೆಂಟು ಹೋಗಿ ಬಂದ ಮೇಲೆ ಅರ್ಧ ಗಂಟೆಗೊಮ್ಮೆ ಮಲ್ಟಿಮೀಟರನ್ನು ಬ್ಯಾಟರಿಯ ಟರ್ಮಿನಲ್‌ಗೇ ಹಿಡಿದು ವೋಲ್ಟೇಜ್ ಬರೆದಿಡಿ. ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅದೇ ನಿಮ್ಮ ಬೂಸ್ಟ್. ಕೆಲವು ಗಂಟೆಗಳ ನಂತರ ಇಳಿದು ನಿಲ್ಲುವ ಅಂಕಿ ಫ್ಲೋಟ್. ಇನ್ವರ್ಟರ್ ಕಡೆಯ ತುದಿಯಲ್ಲಿ ಅಳೆಯಬೇಡಿ, ವೈರಿನಲ್ಲಿ ಸ್ವಲ್ಪ ವೋಲ್ಟೇಜ್ ಕಳೆಯುತ್ತದೆ.

ಬಂದ ಅಂಕಿಯನ್ನು ಮೇಲಿನ ಪಟ್ಟಿಯ ಜೊತೆ ಹೋಲಿಸಿ. 0.1 ವೋಲ್ಟ್ ಆಚೀಚೆ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಹಂತ.

ಹಂತ 6: ಸೆಟ್ಟಿಂಗ್ ಬದಲಿಸುವುದು

ಮೂರು ಬಗೆಯ ಯಂತ್ರಗಳಿವೆ.

ಕೆಲವು ಇನ್ವರ್ಟರ್‌ಗಳು ತಾವೇ ಬಿಸಿ ನೋಡಿ ವೋಲ್ಟೇಜ್ ಹೊಂದಿಸುತ್ತವೆ. ಡಬ್ಬದ ಮೇಲೆ ಟೆಂಪರೇಚರ್ ಕಾಂಪೆನ್ಸೇಷನ್ ಎಂದು ಬರೆದಿರುತ್ತದೆ. ಇದ್ದರೆ ಒಂದೇ ಪ್ರಶ್ನೆ ಕೇಳಿ: ಸೆನ್ಸರ್ ಎಲ್ಲಿದೆ? ಯಂತ್ರದ ಒಳಗೇ ಇದ್ದರೆ ಅದು ಯಂತ್ರದ ಬಿಸಿ ನೋಡುತ್ತದೆ, ಬ್ಯಾಟರಿಯದ್ದಲ್ಲ. ತಂತಿಯಲ್ಲಿ ಹೊರಗೆ ಬಂದಿದ್ದರೆ ಅದನ್ನು ಬ್ಯಾಟರಿಗೆ ಅಂಟಿಸಿದ್ದಾರಾ ನೋಡಿ. ತಂತಿ ಸುತ್ತಿ ಹಿಂದೆ ನೇತುಹಾಕಿರುವುದನ್ನು ಎಷ್ಟೋ ಕಡೆ ಕಾಣಬಹುದು.

ಸೋಲಾರ್ ಇದ್ದವರಿಗೆ ಇದರಲ್ಲೇ ಇನ್ನೊಂದು ತೊಡಕು. ಚಾರ್ಜ್ ಕಂಟ್ರೋಲರ್, ಅಂದರೆ ಸೋಲಾರ್ ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜಿಂಗ್ ಹೊಂದಿಸುವ ಯಂತ್ರ, ಬಿಸಿಲು ಕಾಯುವ ಗೋಡೆಯ ಮೇಲೆ, ಬ್ಯಾಟರಿ ತಂಪಾದ ಕೋಣೆಯಲ್ಲಿ ಇದ್ದರೆ ಕಂಟ್ರೋಲರ್ ಸುಮ್ನೆ ವೋಲ್ಟೇಜ್ ಇಳಿಸುತ್ತದೆ, ಬ್ಯಾಟರಿ ಎಂದೂ ತುಂಬುವುದಿಲ್ಲ. ಹೊರಗಿನ ಸೆನ್ಸರ್ ತಂತಿ ಬೇರೆಯಾಗಿ ಸಿಗುತ್ತದೆ, ತರಿಸಿ ಹಾಕಿಸಿ. ಕಂಟ್ರೋಲರಿನಲ್ಲಿ ಡಿಗ್ರಿಗೆ ಎಷ್ಟು ಇಳಿಸಬೇಕು ಎಂಬ ಅಂಕಿ ಕೊಡುವಾಗ ಅದು ಪ್ರತಿ ಸೆಲ್‌ಗೆ ಕೇಳುತ್ತಿದೆಯೋ, ಇಡೀ ಬ್ಯಾಟರಿಗೋ ಓದಿ ನೋಡಿ. ಸೆಲ್‌ಗೆ ಆದರೆ ಮೈನಸ್ 4 ಮಿಲಿವೋಲ್ಟ್, ಇಡೀ 12 ವೋಲ್ಟಿಗೆ ಆದರೆ ಮೈನಸ್ 24 ಮಿಲಿವೋಲ್ಟ್. ಸೆಲ್ ಜಾಗದಲ್ಲಿ 24 ಹಾಕಿದರೆ ಎಲ್ಲಾ ತಲೆಕೆಳಗು. ಮುಂದೆ ಲಿಥಿಯಂ ಬ್ಯಾಟರಿಗೆ ಬದಲಾದರೆ ಈ ಅಂಕಿಯನ್ನು ಸೊನ್ನೆ ಮಾಡಿ, ಅದಕ್ಕೆ ಈ ನಿಯಮ ಹೊಂದುವುದಿಲ್ಲ.

ಎರಡನೆಯವು ಅಂಕಿ ಕೈಯಾರೆ ಕೊಡಬಹುದಾದ ಯಂತ್ರಗಳು. ವರ್ಷಕ್ಕೆ ಎರಡು ಸಲ ಬದಲಿಸಿದರೆ ಸಾಕು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದಲ್ಲ, ಆಗ ಬೇಸಿಗೆಯ ಅಂಕಿ. ದೀಪಾವಳಿ ಕಳೆದ ಮೇಲೆ ಚಳಿಗಾಲದ ಅಂಕಿ.

ಮೂರನೆಯವು ಹಿಂದುಗಡೆ ಬರೀ ಸ್ವಿಚ್ ಇರುವ ಮಾಮೂಲಿ ಇನ್ವರ್ಟರ್‌ಗಳು. ಟ್ಯೂಬುಲರ್, ಫ್ಲಾಟ್ (ಚಪ್ಪಟೆ ಪ್ಲೇಟಿನ ಬ್ಯಾಟರಿ), ಎಸ್‌ಎಂಎಫ್ ಎಂದು ಗುರುತಿರುತ್ತದೆ. ಸಾಮಾನ್ಯವಾಗಿ ಟ್ಯೂಬುಲರ್ ಸ್ಥಾನದಲ್ಲಿ ವೋಲ್ಟೇಜ್ ಜಾಸ್ತಿ, ಎಸ್‌ಎಂಎಫ್‌ನಲ್ಲಿ ಕಡಿಮೆ. ಟ್ಯೂಬುಲರ್ ಬ್ಯಾಟರಿ ಇದ್ದರೂ ಕಡುಬೇಸಿಗೆಯಲ್ಲಿ ಒಂದು ಸ್ಥಾನ ಕೆಳಗಿಳಿಸುವುದು ನನ್ನ ಸಲಹೆ. ಆದರೆ ಕಂಪನಿಯಿಂದ ಕಂಪನಿಗೆ ಅಂಕಿ ಬೇರೆ. ಇನ್ವರ್ಟರ್ ಆಫ್ ಮಾಡಿ ಸ್ವಿಚ್ ಬದಲಿಸಿ, ಮತ್ತೆ ಆನ್ ಮಾಡಿ, ಹಂತ 5ರ ಹಾಗೆ ಅಳೆದು ಖಚಿತ ಮಾಡಿಕೊಳ್ಳಿ. ಮಳೆ ಹಿಡಿದ ಮೇಲೆ ವಾಪಸ್ ಹಾಕಲು ಮರೆಯಬೇಡಿ. ಯಂತ್ರದ ಡಬ್ಬ ಬಿಚ್ಚಿ ಒಳಗಿನ ಪಾಟ್ (ವೋಲ್ಟೇಜ್ ಹೊಂದಿಸುವ ಸಣ್ಣ ತಿರುಪು) ತಿರುಗಿಸುವ ಸಾಹಸ ಬೇಡ, ಅದು ಮೆಕ್ಯಾನಿಕ್ ಕೆಲಸ.

ಹಂತ 7: ಚಾರ್ಜಿಂಗ್ ಕರೆಂಟಿನ ಮಿತಿ

ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗ ಸಾಮಾನ್ಯ ಮಿತಿ. 150 ಎಎಚ್‌ಗೆ 15 ಆಂಪಿಯರ್. ಹೈ ಚಾರ್ಜಿಂಗ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇದ್ದರೆ ಬೇಸಿಗೆಯಲ್ಲಿ ನಾರ್ಮಲ್ ಇಡಿ. ದಿನಕ್ಕೆ ಒಂದೆರಡು ಗಂಟೆ ಮಾತ್ರ ಕರೆಂಟು ಹೋಗುವ ಊರಲ್ಲಿ ಬೇಗ ತುಂಬಿಸುವ ಅವಸರವೇ ಇಲ್ಲ.

ಬ್ಯಾಟರಿ 45 ಡಿಗ್ರಿ ಮುಟ್ಟಿದರೆ ಕರೆಂಟು ಇಳಿಸಿ, ಫ್ಯಾನ್ ಹಾಕಿ. 50 ಮುಟ್ಟಿದರೆ ಚಾರ್ಜಿಂಗ್ ನಿಲ್ಲಿಸಿ, ತಣ್ಣಗಾದ ಮೇಲೆ ಮುಂದುವರಿಸಿ. ಬಿಸಿ ಬ್ಯಾಟರಿಯ ಮೇಲೆ ನೀರು ಸುರಿಯುವುದು, ಒದ್ದೆ ಬಟ್ಟೆ ಹೊದಿಸುವುದು ಬೇಡ.

ಹಂತ 8: ನೀರು ಮತ್ತು ಹೈಡ್ರೋಮೀಟರ್

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ. ಚಾರ್ಜ್ ತುಂಬಿದ ಮೇಲೆ ನೀರು ಹಾಕಿ. ಚಾರ್ಜ್ ಆಗುವಾಗ ಮಟ್ಟ ಏರುವುದರಿಂದ ಮೊದಲೇ ತುಂಬಿದರೆ ಆಸಿಡ್ ಉಕ್ಕುತ್ತದೆ. ಪ್ಲೇಟು ಕಾಣುವಷ್ಟು ಇಳಿದಿದ್ದರೆ ಮಾತ್ರ ಪ್ಲೇಟು ಮುಳುಗುವಷ್ಟು ಹಾಕಿ, ಚಾರ್ಜ್ ಮಾಡಿ, ಉಳಿದದ್ದು ಆಮೇಲೆ. ನಲ್ಲಿ ನೀರು, ಬೋರ್ ನೀರು, ಫಿಲ್ಟರ್ ನೀರು ಯಾವುದೂ ಬೇಡ. ಆಸಿಡ್ ಅಂತೂ ಹಾಕಲೇಬೇಡಿ. ಹೋಗಿರುವುದು ನೀರು, ಆಸಿಡ್ ಒಳಗೇ ಇದೆ.

ಹೈಡ್ರೋಮೀಟರ್ ಅಂಕಿಗೂ ಬಿಸಿಯ ಲೆಕ್ಕ ಉಂಟು. ಬಿಸಿಯಾದ ಆಸಿಡ್ ಹಿಗ್ಗುತ್ತದೆ, ಹಾಗಾಗಿ ಅಂಕಿ ಕಡಿಮೆ ತೋರುತ್ತದೆ. 27 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೆ 0.0007 ಕೂಡಿಸಿ, ಕೆಳಗಿದ್ದರೆ ಕಳೆಯಿರಿ. ಹೆಚ್ಚಿನ ಇನ್ವರ್ಟರ್ ಟ್ಯೂಬುಲರ್ ಬ್ಯಾಟರಿ ತುಂಬಿದಾಗ ಅಂಕಿ ಸುಮಾರು 1.240 ಇರಬೇಕು. 42 ಡಿಗ್ರಿಯಲ್ಲಿ 1.225 ಕಂಡರೆ ಅದು ನಿಜಕ್ಕೆ ಸುಮಾರು 1.235. ಬ್ಯಾಟರಿ ಬಹುತೇಕ ತುಂಬಿದೆ. ಇದು ಗೊತ್ತಿಲ್ಲದೆ ಚಾರ್ಜ್ ಕಡಿಮೆ ಎಂದು ಮತ್ತೆ ಮತ್ತೆ ಚಾರ್ಜ್ ಮಾಡಿಸಿದರೆ ಸುಟ್ಟ ಗಾಯಕ್ಕೆ ಬೆಂಕಿ ಹಿಡಿದ ಹಾಗೆ. ಒಂದು ಸೆಲ್‌ನ ಅಂಕಿ ಉಳಿದವುಗಳಿಗಿಂತ 0.030ಕ್ಕೂ ಹೆಚ್ಚು ಕಡಿಮೆ ಇದ್ದರೆ ಮಾತ್ರ ಅಂಗಡಿಗೆ ತೋರಿಸಿ.

ಹಂತ 9: ಚಳಿಗಾಲದಲ್ಲಿ ಉಲ್ಟಾ

ಬ್ಯಾಟರಿ 15 ಡಿಗ್ರಿ ಇದ್ದು ಬೂಸ್ಟ್ 14.0ಕ್ಕೇ ನಿಂತರೆ ಅದು ಪೂರ್ತಿ ತುಂಬುವುದಿಲ್ಲ. ತುಂಬದೆ ಉಳಿದ ಬ್ಯಾಟರಿಯ ಪ್ಲೇಟಿನ ಮೇಲೆ ಬಿಳಿಯ ಗಟ್ಟಿ ಪದರ ಕೂರುತ್ತದೆ. ಇದಕ್ಕೆ ಸಲ್ಫೇಷನ್ ಅನ್ನುತ್ತಾರೆ. ಬಹಳ ದಿನ ಬಿಟ್ಟರೆ ಅದು ಕರಗುವುದಿಲ್ಲ, ಬ್ಯಾಕಪ್ ಇಳಿಯುತ್ತದೆ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಮನೆಗಳಲ್ಲಿ ಬೇಸಿಗೆಯ ಬಿಸಿಗಿಂತ ಇದೇ ದೊಡ್ಡ ತೊಂದರೆ. ಅಲ್ಲಿರುವವರು ಚಳಿಗಾಲದ ಅಂಕಿಯನ್ನು ತಪ್ಪದೆ ಹಾಕಿ.

ಅಮೆರಿಕ, ಕೆನಡಾದಲ್ಲಿರುವ ಓದುಗರಿಗೆ ಒಂದು ಮಾತು ಬೇರೆ. ಖಾಲಿಯಾದ ಬ್ಯಾಟರಿಯ ಆಸಿಡ್ ಬಹುಪಾಲು ನೀರೇ, ಅದು ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ತುಂಬಿದ ಕಾರ್ ಬ್ಯಾಟರಿ ಮೈನಸ್ 50ಕ್ಕೂ ಗಟ್ಟಿಯಾಗುವುದಿಲ್ಲ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಬೇಡಿ, ಇನ್ನೊಂದು ಕಾರಿನಿಂದ ಜಂಪ್ ಕೊಡಬೇಡಿ, ಸಿಡಿಯಬಹುದು. ಒಳಗೆ ತಂದು ಪೂರ್ತಿ ಕರಗಿಸಿ, ಡಬ್ಬಿ ಬಿರುಕು ಬಿಟ್ಟಿದೆಯಾ ನೋಡಿ, ಆಮೇಲೆ ಮುಂದಿನ ಮಾತು.

ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಕೊಳೆತ ಮೊಟ್ಟೆಯ ವಾಸನೆ ಬಂದರೆ, ಡಬ್ಬಿ ಉಬ್ಬಿದರೆ, ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ ಬಿಸಿಯಾದರೆ, ಫ್ಲೋಟ್‌ನಲ್ಲಿ ಇದ್ದರೂ ಬಿಸಿ ಏರುತ್ತಲೇ ಇದ್ದರೆ ಚಾರ್ಜಿಂಗ್ ನಿಲ್ಲಿಸಿ. ಆ ವಾಸನೆಯ ಗ್ಯಾಸ್ ವಿಷ. ಮೊದಲು ಕಿಟಕಿ, ಬಾಗಿಲು ತೆರೆದು ಮಕ್ಕಳನ್ನು ಹೊರಗೆ ಕಳಿಸಿ. ಇನ್ವರ್ಟರಿಗೆ ಬರುವ ಮೇನ್ಸ್ ಕರೆಂಟನ್ನು ದೂರದ ಬೋರ್ಡಿನಲ್ಲಿರುವ ಎಂಸಿಬಿಯಲ್ಲೇ (ಕರೆಂಟು ಕಡಿಯುವ ಸ್ವಿಚ್) ಆಫ್ ಮಾಡಿ. ಬ್ಯಾಟರಿಯ ಕೇಬಲ್ ಕಿತ್ತು ನಿಲ್ಲಿಸಲು ಹೋಗಬೇಡಿ. ಅಲ್ಲಿ ಹಾರುವ ಕಿಡಿಯೇ ಗ್ಯಾಸಿಗೆ ಬೆಂಕಿ ಹಚ್ಚುತ್ತದೆ. ಒಂದೆರಡು ಗಂಟೆ ಗಾಳಿಯಾಡಿ ತಣ್ಣಗಾದ ಮೇಲಷ್ಟೇ ಮೆಕ್ಯಾನಿಕ್ ಕರೆಸಿ ಬಿಚ್ಚಿಸಿ. ಅಂಥ ಬ್ಯಾಟರಿಯನ್ನು ಇನ್ನೊಂದು ರಾತ್ರಿ ನೋಡೋಣ ಎಂದು ಮತ್ತೆ ಚಾರ್ಜಿಗೆ ಹಾಕಬೇಡಿ.

ಆಸಿಡ್ ಮೈಗೆ, ಕಣ್ಣಿಗೆ ತಾಗಿದರೆ ಹದಿನೈದು ನಿಮಿಷವಾದರೂ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ನೆಲಕ್ಕೆ ಚೆಲ್ಲಿದ್ದರೆ ಅಡುಗೆ ಸೋಡಾ ಉದುರಿಸಿ ತೊಳೆಯಿರಿ.

ಔಷಧಿ ಸ್ಪ್ರೇಯರ್, ಇ-ರಿಕ್ಷಾ ಇರುವವರಿಗೆ

ಬೆನ್ನಿಗೆ ಹಾಕುವ ಸ್ಪ್ರೇಯರಿನಲ್ಲಿ ಹಲವಕ್ಕೆ ಸಣ್ಣ ಸೀಲ್ ಲೆಡ್ ಬ್ಯಾಟರಿಯೇ ಇರುತ್ತದೆ. ಹೊಲದ ಬಿಸಿಲಲ್ಲಿ ಕೆಲಸ ಮುಗಿಸಿ ಬಂದು ಕೂಡಲೇ ಚಾರ್ಜಿಗೆ ಹಾಕಬೇಡಿ. ನೆರಳಲ್ಲಿ ಒಂದು ಗಂಟೆ ಬಿಟ್ಟು ಹಾಕಿ. ಇ-ರಿಕ್ಷಾಕ್ಕೂ ಇದೇ ಮಾತು. ಬ್ಯಾಟರಿ ತುಂಬಿದೆ ಎಂದು ತೋರಿಸುವ ದೀಪ ಹತ್ತಿದ ಮೇಲೆ ಚಾರ್ಜರ್ ತೆಗೆಯಿರಿ, ಅಗ್ಗದ ಚಾರ್ಜರ್‌ಗಳು ವೋಲ್ಟೇಜ್ ಇಳಿಸದೆ ಹಾಗೇ ತಳ್ಳುತ್ತಿರುತ್ತವೆ. ಔಷಧಿ ಹೊಡೆಯುವ ಕಾಲ ಮುಗಿದು ಸ್ಪ್ರೇಯರ್ ಮೂಲೆ ಸೇರಿದಾಗಲೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತಿರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಪೂರ್ತಿ ತುಂಬಿಸಿ ತಂಪಾದ ಕಡೆ ಇಡಿ. ಚಳಿಗಾಲದಲ್ಲಿ ಎರಡು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ.